ನನ್ನ ನಂದಿಬಟ್ಟಲು ಬೂದಿಬಟ್ಟಲಾಗಿದೆ, ಎಚ್ಚಿಂಗ್ ಬಲ್ಲವರು ಹೇಳಿ

ಪ್ರಶ್ನೆ ಕೇಳಿದವರು: ಕೊಟ್ಟಿಗೆ ಮುದ್ರಣಾಲಯ

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ಕೌಂಟರಿನಲ್ಲಿ 31 ವರ್ಷ ಕುಳಿತು ಎದ್ದವಳು ನಾನು. ಊರು ಸಾಗರದ ಹತ್ತಿರ. ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ, ಹೊತ್ತು ಹೋಗಲಿ ಎಂದು 10 ದಿನದ ಎಚ್ಚಿಂಗ್ ಶಿಬಿರವೊಂದಕ್ಕೆ ಸೇರಿದೆ. ಲೋಹದ ತಗಡಿನ ಮೇಲೆ ಗೆರೆ ಬರೆದು, ಆಮ್ಲದಲ್ಲಿ ಕಚ್ಚಿಸಿ, ಕಚ್ಚಿದ ಕಡೆ ಮಸಿ ತುಂಬಿ ಕಾಗದಕ್ಕೆ ಒತ್ತಿ ಚಿತ್ರ ತೆಗೆಯುವ ಕಲೆ ಅದು. ಅಲ್ಲಿ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಹಸುಗಳನ್ನು ಕೊಟ್ಟ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯೇ ಈಗ ನನ್ನ ಮುದ್ರಣಾಲಯ. ಪ್ರೆಸ್ಸನ್ನು ಪೇಟೆಯ ಲೇತ್ ಕೆಲಸದವರು ಚಿತ್ರ ನೋಡಿ ಮಾಡಿಕೊಟ್ಟರು: ಎರಡು ಉರುಳೆ, ನಡುವೆ ಹಾಯುವ ಕಬ್ಬಿಣದ ಹಲಗೆ, ತಿರುಗಿಸಲು ದೊಡ್ಡ ಚಕ್ರ. ಗಾಡಿಯಿಂದ ಇಳಿಸುವಾಗ ನೆರೆಮನೆಯವರು ಅದನ್ನು ಕಬ್ಬಿನ ಗಾಣವೆಂದುಕೊಂಡು, ‘ಆಲೆಮನೆ ಯಾವತ್ತು?’ ಎಂದು ಕೇಳಿದರು.

ವಿಷಯಕ್ಕೆ ಬರುತ್ತೇನೆ. ಹಿತ್ತಾಳೆ ಚೊಂಬಿನಲ್ಲಿ ಐದು ನಂದಿಬಟ್ಟಲು ಹೂವು, ಚೊಂಬಿನ ಬುಡದಲ್ಲಿ ಒಂದು ವೀಳ್ಯದೆಲೆ. ಇಷ್ಟೇ ಚಿತ್ರ. 8 ಇಂಚು 6 ಇಂಚಿನ ಸತುವಿನ ಪ್ಲೇಟು. ಆಮ್ಲ ತಡೆಯುವ ಹಾರ್ಡ್ ಗ್ರೌಂಡ್ ಎಂಬ ಲೇಪ ಬಳಿದು ಸೂಜಿಯಲ್ಲಿ ಬರೆದೆ. ನೈಟ್ರಿಕ್ ಆಮ್ಲ 1 ಪಾಲು, ನೀರು 10 ಪಾಲು. ಗೆರೆಗಳು ಚೆನ್ನಾಗಿಯೇ ಕಚ್ಚಿದವು. ಆಮೇಲೆ ರೋಸಿನ್ ಎಂಬ ರಾಳದ ಪುಡಿ ಉದುರಿಸಿ, ಅಡಿಯಿಂದ ಬಿಸಿ ಮಾಡಿ, ಅಕ್ವಾಟಿಂಟ್‌ಗೆ, ಅಂದರೆ ಗೆರೆಯಿಲ್ಲದೆ ನೆರಳಿನ ಛಾಯೆ ತರುವುದಕ್ಕೆ, ಸಿದ್ಧ ಮಾಡಿದೆ. ಮೊದಲು ಇಡೀ ಪ್ಲೇಟನ್ನು 15 ಸೆಕೆಂಡು ಅದ್ದಿದೆ. ತೊಳೆದು, ಒಣಗಿಸಿ, ಆಮ್ಲ ತಾಗದಂತೆ ದಳಗಳಿಗೆಲ್ಲ ವಾರ್ನಿಶ್ ಹಚ್ಚಿ ಮುಚ್ಚಿದೆ. ಮತ್ತೆ ಅದ್ದಿದೆ. ಚೊಂಬಿನ ಹೊಳಪು ಮುಚ್ಚಿದೆ. ಹೀಗೆ ನಾಲ್ಕು ಸಲ.

ಮುದ್ರೆ ಎತ್ತಿ ನೋಡಿದರೆ ಎದೆ ಧಸಕ್ಕೆಂದಿತು. ಚೊಂಬಿನ ಹೊಳಪೂ ದಳವೂ ಹೆಚ್ಚುಕಡಿಮೆ ಒಂದೇ ಬಣ್ಣ. ಹೂವು ಒಲೆಯಿಂದ ತೆಗೆದಂತಿದೆ. ಇದು ಮೊದಲ ಸಂಕಟ. ಎರಡನೆಯದು, ಹಿನ್ನೆಲೆಯ ಗೋಡೆಯ ಜಾಗದಲ್ಲಿ ಸಣ್ಣ ಸಣ್ಣ ಚೌಕುಳಿ ಗುರುತು ಬಿದ್ದಿದೆ. ನಾನು ಬರೆದದ್ದಲ್ಲ, ಪ್ಲೇಟಿನಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಇಲ್ಲ. ಪ್ರೆಸ್ಸಿಗೆ ಫೆಲ್ಟ್ ತರಿಸಲು ಕೈ ಹಿಡಿತವಾಗಿ, ಕರಿ ಕಂಬಳಿಯನ್ನೇ ಎರಡು ಮಡಿಕೆ ಮಾಡಿ ಹಾಸುತ್ತೇನೆ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೂರನೆಯದು, ಬೆಳಿಗ್ಗೆ ಕೊಯ್ದ ಹೂವು ಸಂಜೆಗೆ ಜೋಲುಮೋರೆ ಹಾಕುತ್ತದೆ. ದಿನಾ ಹೊಸ ಹೂವಿಟ್ಟರೆ ಅದು ಬೇರೆ ಕಡೆಗೆ ಮುಖ ಮಾಡಿ ಕೂರುತ್ತದೆ.

ನಾಲ್ಕನೆಯದನ್ನು ಕಂಡುಹಿಡಿದವರು ನನ್ನ ಅತ್ತೆಯವರು. ಅವರಿಗೆ 84 ವರ್ಷ. ನಾನು ಈ ಮನೆಗೆ ಬರುವ ಮೊದಲಿನಿಂದಲೂ ದೇವರಿಗೆ ಹೂವು ಕೊಯ್ಯುವ ಕೆಲಸ ಅವರದೇ, ಯಾರಿಗೂ ಬಿಟ್ಟುಕೊಟ್ಟಿಲ್ಲ. ಮುದ್ರೆಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

‘ಚೊಂಬು ನಮ್ಮದೇ. ಹೂವು ನಮ್ಮ ಗಿಡದ್ದಲ್ಲ’ ಎಂದರು.

‘ನಮ್ಮ ಗಿಡದ್ದೇ ಅತ್ತೆ, ನೀವೇ ಕೊಯ್ದು ಕೊಟ್ಟದ್ದು’ ಎಂದೆ.

ಮಾತಾಡದೆ ಅಂಗಳಕ್ಕೆ ಹೋಗಿ ಒಂದು ಹೂವು ತಂದು ಕಾಗದದ ಮೇಲಿಟ್ಟರು. ಐದೆಸಳಿನ ನಂದಿಬಟ್ಟಲಿನ ದಳಗಳು ಗಿರಗಿಟ್ಟಲೆಯ ಹಾಗೆ ಒಂದೇ ಕಡೆಗೆ ವಾಲಿಕೊಂಡಿರುತ್ತವಲ್ಲ, ನನ್ನ ಚಿತ್ರದಲ್ಲಿ ಆ ಗಿರಗಿಟ್ಟಲೆ ಎದುರು ದಿಕ್ಕಿಗೆ ತಿರುಗುತ್ತಿತ್ತು. ಮುದ್ರೆಯಲ್ಲಿ ಚಿತ್ರ ಎಡಬಲವಾಗುತ್ತದೆ ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು, ನನಗೂ ಗೊತ್ತಿತ್ತು. ಆದರೆ ಅಕ್ಷರ ಬರೆದರೆ ತಾನೇ ತೊಂದರೆ, ಹೂವಿಗೆ ಎಡವೇನು ಬಲವೇನು ಎಂದುಕೊಂಡಿದ್ದೆ. ಆಮೇಲೆ ಗಿಡದ ಮುಂದೆ ನಿಂತು ಒಂದೊಂದೇ ಹೂವು ನೋಡಿದೆ. ಒಂದೂ ನನ್ನ ಪರವಾಗಿಲ್ಲ.

ಪ್ಲೇಟನ್ನು ಎಸೆಯಬೇಕೇ, ಉಳಿಸಿಕೊಳ್ಳಬಹುದೇ?


ಉತ್ತರ: ಹಳೆಯ ಬರ್ನಿಷರ್

ಮೊದಲು ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕಲಾಶಾಲೆಯ ಗ್ರಾಫಿಕ್ ವಿಭಾಗದಲ್ಲಿ ಬಹಳ ವರ್ಷ ಪಾಠ ಮಾಡಿದ್ದೇನೆ, ಹೂವು ತಂದು ಪಕ್ಕದಲ್ಲಿಟ್ಟು ತಪ್ಪು ತೋರಿಸಿದ ಪರೀಕ್ಷಕರನ್ನು ಕಂಡಿಲ್ಲ.

ನಿಮಗೆ ದೊಡ್ಡವರ ಜೊತೆ ಇದೆ. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಒಂದು ಕಡಲ ಚಿಪ್ಪಿನ ಎಚ್ಚಿಂಗ್ ಮಾಡಿದ. ಕೋನಸ್ ಮಾರ್ಮೋರಿಯಸ್ ಎಂಬ ಜಾತಿಯ ಚಿಪ್ಪು, ಕಪ್ಪು ಮೈಮೇಲೆ ಬಿಳಿ ಮಚ್ಚೆಗಳು. ಅವನ ಎಚ್ಚಿಂಗ್‌ಗಳಲ್ಲಿ ಬರಿಯ ವಸ್ತುವನ್ನಿಟ್ಟು ಬರೆದದ್ದು ಅದೊಂದೇ. ಕಣ್ಣಿಗೆ ಕಂಡಂತೆಯೇ ತಾಮ್ರದ ಮೇಲೆ ಬರೆದ, ಕಾಗದದ ಮೇಲೆ ಸುರುಳಿ ಉಲ್ಟಾ ಬಂತು. ತಮಾಷೆಯೆಂದರೆ ತನ್ನ ಸಹಿಯನ್ನು ಮಾತ್ರ ಮರೆಯದೆ ತಿರುವುಮುರುವಾಗಿ ಬರೆದಿದ್ದಾನೆ, ಮುದ್ರೆಯಲ್ಲಿ ಅದು ನೆಟ್ಟಗೆ ಓದಿಸಿಕೊಳ್ಳುತ್ತದೆ. ಎಡಮುರಿ ಬಲಮುರಿ ಎಂದು ಶಂಖವನ್ನು ತಿರುಗಿಸಿ ನೋಡಿ ಕೊಳ್ಳುವ ನಮ್ಮವರ ಕೈಗೆ ಆ ಚಿತ್ರ ಸಿಕ್ಕಿದ್ದರೆ ಆಗಲೇ ಹಿಡಿಯುತ್ತಿದ್ದರು.

ಪರಿಹಾರ ಸುಲಭ. ಟ್ರೇಸಿಂಗ್ ಕಾಗದದ ಮೇಲೆ ಬರೆದುಕೊಂಡು, ಅದನ್ನು ಮಗುಚಿ ಪ್ಲೇಟಿಗೆ ಇಳಿಸಿ. ನೇರವಾಗಿ ಹೂವು ನೋಡಿಕೊಂಡೇ ಬರೆಯಬೇಕೆಂದರೆ ಹೂವಿನ ಎದುರಿಗೆ ಒಂದು ಕನ್ನಡಿ ನಿಲ್ಲಿಸಿ, ಕನ್ನಡಿಯೊಳಗಿನ ಹೂವನ್ನು ಬರೆಯಿರಿ.

ಇನ್ನು ಬೂದಿಯ ವಿಷಯ. ಇಲ್ಲಿ ಸ್ವಲ್ಪ ಬೈಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ‘ಮೊದಲು ಇಡೀ ಪ್ಲೇಟನ್ನು 15 ಸೆಕೆಂಡು ಅದ್ದಿದೆ’ ಎಂದು ಬರೆದಿದ್ದೀರಿ. ಕೆಟ್ಟದ್ದು ಅಲ್ಲೇ. ನಮ್ಮ ಬಳಿ ಬಿಳಿ ಮಸಿ ಎಂಬುದಿಲ್ಲ. ಬಿಳಿ ಎಂದರೆ ಕಾಗದ. ಆಮ್ಲ ಒಮ್ಮೆ ಮುಟ್ಟಿದ ಜಾಗ ಮತ್ತೆ ಕಾಗದವಾಗುವುದಿಲ್ಲ. ಹತ್ತಕ್ಕೊಂದರ ನೈಟ್ರಿಕ್‌ನಲ್ಲಿ ಸತುವಿಗೆ 15 ಸೆಕೆಂಡು ಧಾರಾಳವಾಯಿತು. ರೋಸಿನ್‌ನ ಕಾಳು ಕಾಳಿನ ಸುತ್ತ ಅದು ತಿಂದು ಸಣ್ಣ ಗುಳಿ ಮಾಡುತ್ತದೆ, ಗುಳಿಯಲ್ಲಿ ಮಸಿ ಕೂರುತ್ತದೆ, ಅದೇ ನೀವು ಕಂಡ ಬೂದಿ. ಅಚ್ಚ ಬಿಳಿ ಬೇಕಾದ ಕಡೆಯನ್ನು ಮೊದಲ ಅದ್ದಿಗೂ ಮುಂಚೆಯೇ ವಾರ್ನಿಶ್‌ನಿಂದ ಮುಚ್ಚಬೇಕು. ಬಿಳಿ ಹೂವು ಬರೆಯುವವರು ಹೂವಿಗೆ ಏನೂ ಮಾಡಬಾರದು, ಸುತ್ತಲಿನ ಗೋಡೆಗೆ, ಎಲೆಗೆ, ಚೊಂಬಿಗೆ ಮಾಡಬೇಕು.

ಮುಂದಿನ ಸಲ ಬೆರಳಗಲದ ಸತುವಿನ ಪಟ್ಟಿಯೊಂದರಲ್ಲಿ ಪರೀಕ್ಷೆ ಮಾಡಿ. 10 ಸೆಕೆಂಡು, 20, 40, 80, 160. ಪ್ರತಿ ಸಲವೂ ಒಂದಿಷ್ಟು ಮುಚ್ಚುತ್ತಾ ಹೋಗಿ. ಕಣ್ಣಿಗೆ ಬಣ್ಣ ಒಂದೊಂದೇ ಮೆಟ್ಟಿಲು ಇಳಿದಂತೆ ಕಾಣಬೇಕಾದರೆ ಕಾಲ ದುಪ್ಪಟ್ಟಾಗುತ್ತಾ ಹೋಗಬೇಕು, 10, 20, 30 ಎಂದು ಕೂಡಿಸಿದರೆ ಆಗದು. ಆ ಪಟ್ಟಿಯ ಮುದ್ರೆಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಆಮ್ಲ ಹಳತಾದಂತೆ, ಚಳಿ ಹೆಚ್ಚಾದಂತೆ ಲೆಕ್ಕ ಬದಲಾಗುತ್ತದೆ, ಆಗ ಇನ್ನೊಂದು ಪಟ್ಟಿ.

ಪ್ಲೇಟನ್ನು ಎಸೆಯಬೇಡಿ. ನನ್ನ ಹೆಸರಿನ ಉಪಕರಣ, ಲೋಹದ ಮೈಯನ್ನು ಉಜ್ಜಿ ನಯ ಮಾಡುವ ಬರ್ನಿಷರ್, ಇರುವುದೇ ಇದಕ್ಕೆ. ದಳದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಬರ್ನಿಷರ್‌ನಿಂದ ಉಜ್ಜಿ, ನೀಳವಾಗಿ, ದಳದ ನರ ಹೋಗುವ ದಿಕ್ಕಿನಲ್ಲೇ. ಗುಳಿಗಳ ಅಂಚು ಮಲಗಿ, ಮಸಿ ನಿಲ್ಲಲು ಜಾಗ ಕಡಿಮೆಯಾಗುತ್ತದೆ. ಮೂರು ದಳಕ್ಕೆ ಒಂದು ಮಧ್ಯಾಹ್ನ ಬೇಕಾದೀತು. ಪೂರ್ತಿ ಉಜ್ಜಿಬಿಡಬೇಡಿ. ಒಂದು ದಳ ಇನ್ನೊಂದರ ಅಡಿಗೆ ಹೋಗುವ ಸಂದಿನಲ್ಲಿ ಬೂದಿಯನ್ನು ಹಾಗೇ ಬಿಡಿ. ಆಗ ನಿಮ್ಮ ತಪ್ಪೇ ನೆರಳಾಗಿ ಕೆಲಸಕ್ಕೆ ಬರುತ್ತದೆ, ನಾನು ಎಷ್ಟೋ ಸಲ ಹೀಗೆ ಮರ್ಯಾದೆ ಉಳಿಸಿಕೊಂಡಿದ್ದೇನೆ.

ಒರೆಸುವುದನ್ನೂ ನೋಡಿಕೊಳ್ಳಿ. ಗಂಜಿ ಹಾಕಿದ ಜಾಳು ಬಟ್ಟೆಯಲ್ಲಿ ಒರೆಸಿ ಅಲ್ಲಿಗೇ ನಿಲ್ಲಿಸಿದರೆ ಪ್ಲೇಟಿನ ಮೈಮೇಲೆ ಮಸಿಯ ತೆಳು ಪೊರೆ ಉಳಿಯುತ್ತದೆ. ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಕೊಡವಿ, ದಳಗಳ ಮೇಲೆ ಮಾತ್ರ ಹಗುರವಾಗಿ ಒಂದು ಬೀಸು ಬೀಸಿ.

ಚೌಕುಳಿ? ನಿಮ್ಮ ಕಂಬಳಿಯದೇ. ನೆನೆದ ಕಾಗದ, ಉರುಳೆಯ ಒತ್ತಡ, ನಡುವೆ ಒರಟು ನೇಯ್ಗೆ. ಬೇರೇನು ಬಂದೀತು? ಫೆಲ್ಟ್ ಎಂದರೆ ಉಣ್ಣೆಯನ್ನು ಒತ್ತಿ ಮಾಡಿದ್ದು, ಅದರಲ್ಲಿ ಎಳೆ ಇಲ್ಲ, ಆದ್ದರಿಂದ ಗುರುತೂ ಇಲ್ಲ. ಕಾಗದಕ್ಕೆ ತಾಗುವ ಒಂದು ಪದರವನ್ನಾದರೂ ತರಿಸಿಕೊಳ್ಳಿ. ಅದರ ಮೇಲೆ ಕಂಬಳಿ ಇರಲಿ ಬಿಡಿ.


ಉತ್ತರ: ಅಡಿಕೆ ತೋಟದ ಮಸಿ

ಹಳೆಯ ಬರ್ನಿಷರ್ ಅವರ ಮಾತಿಗೆ ಎದುರಾಡುವುದಿಲ್ಲ. ಆದರೆ ನೈಟ್ರಿಕ್ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲವಲ್ಲ. ಅಕ್ಕಾ, ಮುಚ್ಚಿದ ಕೊಟ್ಟಿಗೆಯಲ್ಲಿ ಆ ಹೊಗೆ ಕುಡಿಯಬೇಡಿ. ಮನೆಯಲ್ಲಿ ವಯಸ್ಸಾದವರೂ ಇದ್ದಾರೆ.

ನನ್ನದು ಶಿರಸಿ ಕಡೆ. ನಾನು ಸತುವಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಬಳಸುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಕಲಸುತ್ತೇವಲ್ಲ, ಆಗ ಕತ್ತಿಯ ತುದಿ ಅದ್ದಿ ನೋಡುವುದುಂಟು. ಕಬ್ಬಿಣಕ್ಕೆ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಆ ಕೆಂಪು ಎಂದರೆ ತಾಮ್ರ. ತಾಮ್ರ ಬಂದು ಕೂರುತ್ತದೆ, ಅದರ ಬದಲಿಗೆ ಕಬ್ಬಿಣ ಕರಗಿ ಹೋಗುತ್ತದೆ. ಸತುವಿನ ಪ್ಲೇಟಿನಲ್ಲಿ ನಡೆಯುವುದೂ ಇದೇ, ಸುಣ್ಣದ ಬದಲು ಉಪ್ಪು ಹಾಕುತ್ತೇವೆ ಅಷ್ಟೆ. ನನ್ನ ಅಳತೆ 1 ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, 75 ಗ್ರಾಂ ಉಪ್ಪು. ಗೆರೆಗಳ ಮೇಲೆ ಕಂದು ಬಣ್ಣದ ಗಸಿ ಹತ್ತಿಯಂತೆ ಏಳುತ್ತದೆ. ಅದನ್ನು ಮೆತ್ತನೆಯ ಕುಂಚದಿಂದ ಸರಿಸುತ್ತಿರಬೇಕು, ಇಲ್ಲದಿದ್ದರೆ ಕಚ್ಚುವುದು ನಿಂತುಹೋಗುತ್ತದೆ. ನೈಟ್ರಿಕ್‌ನ ಕೆಂಪು ಹೊಗೆಯ ಕಾಟವಂತೂ ಇಲ್ಲ.

ಇನ್ನೊಂದು ಲಾಭವಿದೆ. ಇದು ಬರಿಯ ಸತುವನ್ನು ತಿಂದ ಕಡೆ ಮೈ ಉಸುಕಿನಂತೆ ಒರಟಾಗಿ, ರೋಸಿನ್ ಇಲ್ಲದೆಯೂ ಸ್ವಲ್ಪ ಮಸಿ ಹಿಡಿಯುತ್ತದೆ. ಹಿನ್ನೆಲೆಯ ಗೋಡೆಗೆ ನನಗೆ ಅಷ್ಟು ಸಾಕು.

ಪ್ಲಾಸ್ಟಿಕ್ ತಟ್ಟೆಯನ್ನೇ ಬಳಸಿ. ನಾನು ಮೊದಲ ಸಲ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿ, ಪಾತ್ರೆಯ ತಳವನ್ನೇ ಎಚ್ಚಿಂಗ್ ಮಾಡಿಕೊಂಡೆ. ಕೈಗವಸು ಬೇಕು. ಮುಗಿದ ನೀರನ್ನು ಬಾವಿಯ ಕಡೆ, ಹಳ್ಳದ ಕಡೆ ಚೆಲ್ಲಬೇಡಿ, ಮೀನಿಗೆ ಅದು ವಿಷ. ವಾಷಿಂಗ್ ಸೋಡಾ ಹಾಕಿದರೆ ತಾಮ್ರ ಗಸಿಯಾಗಿ ತಳಕ್ಕಿಳಿಯುತ್ತದೆ, ಅದನ್ನು ಬಸಿದು ಒಣಗಿಸಿ ಬೇರೆ ಇಡಿ.


ಉತ್ತರ: ಬೊಲೊನ್ಯಾದಲ್ಲಿರುವವನು

ಹೂವು ಬಾಡುವ ಸಂಕಟಕ್ಕೆ ನಮ್ಮ ಊರಿನವರೊಬ್ಬರ ಉಪಾಯ ಹೇಳುತ್ತೇನೆ. ನಮ್ಮ ಊರು ಎಂದರೆ ಈಗ ಹೊಟ್ಟೆಪಾಡಿಗೆ ಬಂದು ಸೇರಿಕೊಂಡಿರುವ ಇಟಲಿಯ ಬೊಲೊನ್ಯಾ. ಚಿತ್ರಕಾರ ಜಾರ್ಜೊ ಮೊರಾಂದಿ ಇಲ್ಲೇ ಹುಟ್ಟಿ (1890) ಇಲ್ಲೇ ತೀರಿಕೊಂಡವರು (1964). ಇಲ್ಲಿನ ಕಲಾ ಅಕಾಡೆಮಿಯಲ್ಲಿ 1930ರಿಂದ 1956ರವರೆಗೆ ಎಚ್ಚಿಂಗ್ ಕಲಿಸಿದರು. ಅವರು ಹೂವಿನ ಚಿತ್ರಗಳಿಗೆ ಬಹಳ ಸಲ ಇಟ್ಟುಕೊಳ್ಳುತ್ತಿದ್ದದ್ದು ಒಣಗಿದ ಹೂವು, ಇಲ್ಲವೇ ರೇಷ್ಮೆ ಬಟ್ಟೆಯ ಹೂವು. ಬಾಡುವ ಚಿಂತೆ ಇಲ್ಲ, ಮುಖ ತಿರುಗಿಸುವುದೂ ಇಲ್ಲ, ಬೇಕಾದರೆ ಮೇಲೆ ಧೂಳು ಕೂರಬಹುದು, ಅದನ್ನೂ ಅವರು ಒರೆಸುತ್ತಿರಲಿಲ್ಲ.

ವಿಯಾ ಫೊಂದಾತ್ಸಾ ಬೀದಿಯ 36ನೇ ನಂಬರಿನ ಮನೆಗೆ ನಾನು ಹೋಗಿ ನೋಡಿದ್ದೇನೆ. ಕೆಲಸ ಮಾಡುತ್ತಿದ್ದ ಕೋಣೆ ನಮ್ಮ ಕಡೆಯ ಸಾಧಾರಣ ಮಲಗುವ ಕೋಣೆಯಷ್ಟು. ಶೀಶೆ, ಡಬ್ಬಿ, ಹೂಜಿಗಳು ಒಂದರ ಪಕ್ಕ ಒಂದು. ಎಚ್ಚಿಂಗ್‌ಗಳನ್ನು ನೋಡಬೇಕಾದರೆ ಮಾಂಬೊ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ. ಚಿತ್ರದ ತುಂಬ ನೆರಳಿದೆ, ಆದರೆ ಅಕ್ವಾಟಿಂಟ್‌ನ ಪುಡಿಯಿಲ್ಲ, ಬರಿಯ ಗೆರೆ. ಗೆರೆಯ ಮೇಲೆ ಅಡ್ಡ ಗೆರೆ, ಅದರ ಮೇಲೆ ಓರೆ ಗೆರೆ, ಸೊಳ್ಳೆಪರದೆಯನ್ನು ಒಂದರ ಮೇಲೊಂದು ಹಾಸಿದಂತೆ. ಬಿಳಿ ಹೂದಾನಿಗೆ ಹೊರಗೆರೆಯೇ ಇಲ್ಲ. ಹಿಂದಿನ ಗೆರೆಗಳು ಎಲ್ಲಿ ನಿಲ್ಲುತ್ತವೆಯೋ ಅಲ್ಲಿ ಹೂದಾನಿ ಶುರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದೆ, ಕಾವಲಿನ ಹೆಂಗಸು ಕೆಮ್ಮಿದರು.

ರೋಸಿನ್, ಅದರ ಧೂಳು, ಸೆಕೆಂಡಿನ ಲೆಕ್ಕ ಇವೆಲ್ಲ ಬೇಡವೆಂದರೆ ನೀವೂ ಹೀಗೆ ಮಾಡಬಹುದಲ್ಲವೇ ಎಂದು ನನಗೆ ಅನಿಸುತ್ತದೆ. ನಾನು ಎಂಜಿನಿಯರು, ಕಲಾವಿದನಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಿ.


ಉತ್ತರ: ಹಳೆಯ ಬರ್ನಿಷರ್

ತಪ್ಪಿಲ್ಲ. ಆದರೆ ಅಷ್ಟು ಗೆರೆ ಎಳೆಯುವ ತಾಳ್ಮೆ ಇರುವವರು ಬೇಕು. ಬ್ಯಾಂಕಿನಲ್ಲಿ 31 ವರ್ಷ ಕುಳಿತವರಿಗೆ ಇದ್ದರೂ ಇರಬಹುದು. ರೇಷ್ಮೆ ಹೂವು ಮಾತ್ರ ಬೇಡ, ಅಂಗಳದಲ್ಲಿ ಗಿಡವಿಟ್ಟುಕೊಂಡು ಬಟ್ಟೆಯ ಹೂವು ಬರೆಯುವುದು ನನ್ನ ಮನಸ್ಸಿಗೆ ಒಗ್ಗದು. ಬೆಳಿಗ್ಗೆ ಹೂವಿನ ಮುಂದೆ ಕುಳಿತು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ, ಪ್ಲೇಟಿನ ಕೆಲಸ ಆ ಪೆನ್ಸಿಲ್ ಚಿತ್ರ ನೋಡಿ ನಡೆಯಲಿ. ಹೂವು ಒಂದೇ ದಿನ ಇದ್ದರೆ ಸಾಕು.


ಉತ್ತರ: ಸಸ್ಯಶಾಸ್ತ್ರದ ಮೇಡಂ

ಕಲೆಯ ಬಗ್ಗೆ ಗೊತ್ತಿಲ್ಲ, ಹೂವಿನ ಬಗ್ಗೆ ಎರಡು ಮಾತು. ಅತ್ತೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಂದಿಬಟ್ಟಲು, ಕಣಗಿಲೆ, ದೇವಕಣಗಿಲೆ ಎಲ್ಲವೂ ಒಂದೇ ಕುಟುಂಬದವು. ಮೊಗ್ಗಿನಲ್ಲಿ ದಳಗಳು ಒಂದರ ಅಂಚನ್ನು ಒಂದು ಮುಚ್ಚಿ ತಿರುಚಿಕೊಂಡಿರುತ್ತವೆ, ತಿರುಚುವ ದಿಕ್ಕು ಆಯಾ ಜಾತಿಗೆ ನಿಶ್ಚಿತ. ಆದ್ದರಿಂದ ನಿಮ್ಮ ಚಿತ್ರದ ಹೂವು ಯಾವ ಗಿಡದಲ್ಲೂ ಸಿಗುವುದಿಲ್ಲ. ದಾಸವಾಳವನ್ನು ಬರೆದಿದ್ದರೆ ಪಾರಾಗುತ್ತಿದ್ದಿರಿ! ಅದರಲ್ಲಿ ಒಂದೇ ಗಿಡದಲ್ಲಿ ಎಡಕ್ಕೆ ತಿರುಚಿದ ಹೂವೂ ಇರುತ್ತದೆ, ಬಲಕ್ಕೆ ತಿರುಚಿದ್ದೂ ಇರುತ್ತದೆ. ನಾಳೆ ಬೆಳಿಗ್ಗೆ ನೋಡಿ.

ನಿಮ್ಮ ನಂದಿಬಟ್ಟಲು ಲೋಹದ ತಗಡು ಹತ್ತುವುದು ಇದೇ ಮೊದಲಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೊರ್ಟಸ್ ಮಲಬಾರಿಕಸ್‌ನಲ್ಲಿ ನಂದಿ ಎರ್ವಾಟಂ ಎಂಬ ಹೆಸರಿನಲ್ಲಿ ಅದರ ಚಿತ್ರವಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಗ್ರಂಥ. ಗಿಡಗಳ ಹೆಸರನ್ನು ರೋಮನ್ ಜೊತೆಗೆ ಮಲಯಾಳಂ, ಅರೇಬಿಕ್, ನಾಗರಿ ಲಿಪಿಗಳಲ್ಲೂ ಚಿತ್ರದಲ್ಲೇ ಕೊರೆದಿದ್ದಾರೆ. ನಾಗರಿಯಲ್ಲಿರುವುದು ಕೊಂಕಣಿ ಹೆಸರು, ಅದಕ್ಕೆ ನೆರವಾದವರು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರು. ಹಾಲೆಂಡಿನಲ್ಲಿ ಕುಳಿತು ಕೊರೆದವರಿಗೆ ಆ ಲಿಪಿಗಳು ಓದಲು ಬಂದಿರಲಾರವು. ಅಂಥದ್ದನ್ನು ತಿರುವುಮುರುವಾಗಿ ಕೊರೆಯುವುದೆಂದರೆ!

ಕೊನೆಗೆ ಒಂದು ಆಸೆ. ಹೂವಿನ ಗಂಟಲಿನಲ್ಲಿ ನಸುಹಳದಿ ಇರುತ್ತದಲ್ಲ, ಅದನ್ನೂ ತರಬಹುದೇ?


ಉತ್ತರ: ಹಳೆಯ ಬರ್ನಿಷರ್

ತರಬಹುದು. ಅದಕ್ಕೆ ಬೊಂಬೆ ಬೇಕು. ಬಟ್ಟೆಯ ಚೂರನ್ನು ಗಟ್ಟಿಯಾಗಿ ಸುತ್ತಿ ಬೆರಳಿನಷ್ಟು ಮಾಡಿಕೊಳ್ಳುವುದು, ಫ್ರೆಂಚರು ಅದನ್ನು ಪೂಪೆ ಎನ್ನುತ್ತಾರೆ, ಅಂದರೆ ಬೊಂಬೆ. ಒಂದೊಂದು ಬಣ್ಣಕ್ಕೆ ಒಂದೊಂದು ಬೊಂಬೆ, ಎಲ್ಲ ಬಣ್ಣವೂ ಒಂದೇ ಪ್ಲೇಟಿಗೆ, ಒಂದೇ ಸಲ ಪ್ರೆಸ್ಸಿಗೆ. 1817ರಿಂದ 1824ರವರೆಗೆ ಹೊರಬಂದ, ಹೂವಿನ ಚಿತ್ರಕಾರ ರೆದೂತೆಯ ಗುಲಾಬಿಗಳು ಹೀಗೆ ಅಚ್ಚಾದವು. ಅಲ್ಲಿ ಅಕ್ವಾಟಿಂಟ್ ಅಲ್ಲ, ಚುಕ್ಕೆ ಚುಕ್ಕೆಯಾಗಿ ಕೊರೆದದ್ದು. ಕೊನೆಗೆ ಕುಂಚದಲ್ಲಿ ಜಲವರ್ಣದ ತಿದ್ದುಪಡಿಯೂ ಇರುತ್ತಿತ್ತು. ನಿಮಗೆ ಗಂಟಲಿಗೆ ಒಂದು ಚುಕ್ಕೆ ಹಳದಿ ಸಾಕು, ಹೆಚ್ಚು ಮುಟ್ಟಿದರೆ ಕೋಳಿಮೊಟ್ಟೆ ಒಡೆದಂತಾಗುತ್ತದೆ. ಮೊದಲು ಕಪ್ಪಿನಲ್ಲಿ ಗೆಲ್ಲಿ, ಆಮೇಲೆ ಹಳದಿ.


ಉತ್ತರ: ಕೊಟ್ಟಿಗೆ ಮುದ್ರಣಾಲಯ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ಸುಮ್ಮನಿದ್ದೆ, ಮಳೆಗೆ ಕಾಗದ ಒಣಗಲೇ ಇಲ್ಲ. ಈಗ ವರದಿ ಒಪ್ಪಿಸುತ್ತೇನೆ.

ಹಳೆಯ ಪ್ಲೇಟಿನಲ್ಲಿ ಎರಡು ಹೂವು ಉಜ್ಜಿದೆ. ಬರ್ನಿಷರ್ ಹಿಡಿದ ತೋರುಬೆರಳಿಗೆ ಗುಳ್ಳೆ ಬಂತು, ಆದರೆ ದಳ ಏಳುತ್ತಿದೆ. ಸಂದಿನ ಬೂದಿಯನ್ನು ಹೇಳಿದಂತೆ ಬಿಟ್ಟೆ, ನೆರಳಿನಂತೆಯೇ ಕಾಣುತ್ತದೆ. ಉಳಿದ ಮೂರು ಹೂವು ಹಾಗೇ ಇವೆ, ನೋಡಿದವರಿಗೆ ಬಾಡಿದವು ಎಂದು ಹೇಳುತ್ತೇನೆ.

ಹೊಸ ಪ್ಲೇಟನ್ನು ಮೈಲುತುತ್ತದಲ್ಲೇ ಮಾಡಿದೆ. ಮನೆಯವರು ತೋಟಕ್ಕೆಂದು ತಂದಿಟ್ಟಿದ್ದರಿಂದ 150 ಗ್ರಾಂ ಕದ್ದೆ. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಲು ಹೋಗಿ ಅತ್ತೆಯವರಿಂದ ಬೈಸಿಕೊಂಡು, ಅಂಗಡಿಯಿಂದ ಬೇರೆ ತಕ್ಕಡಿ ತಂದದ್ದೂ ಆಯಿತು. ಕಂದು ಗಸಿ ಏಳುವುದನ್ನು ನೋಡುತ್ತಾ ಕೂರುವುದೇ ಒಂದು ಹಿತ. ಫೆಲ್ಟ್ ಒಂದು ಪದರ ತರಿಸಿದೆ, ಮೇಲೆ ಕಂಬಳಿ. ಚೌಕುಳಿ ಮಾಯ. ಕನ್ನಡಿಯ ಉಪಾಯ ನನಗೆ ಒಗ್ಗಲಿಲ್ಲ, ಹೂವಿನ ಹಿಂದೆ ನನ್ನದೇ ಮುಖ ಕಂಡು ನಗು ಬರುತ್ತಿತ್ತು. ಟ್ರೇಸಿಂಗ್ ಕಾಗದ ಮಗುಚಿ ಇಳಿಸಿದೆ. ಈ ಸಲ ಐದು ಹೂವು ಬೇಡವೆಂದು ಒಂದೇ ಹೂವು, ಚೊಂಬಿನ ಪಕ್ಕದಲ್ಲಿ ನೆಲದ ಮೇಲೆ ಇಟ್ಟದ್ದು. ದಳಗಳನ್ನೆಲ್ಲ ಮೊದಲೇ ವಾರ್ನಿಶ್‌ನಿಂದ ಮುಚ್ಚಿ, ಎರಡೆರಡು ಸಲ ಹಚ್ಚಿ, ಆಮೇಲೆ ಅದ್ದಿದೆ.

ನೆನೆದ ಕಾಗದವನ್ನು ಪ್ಲೇಟಿನಿಂದ ಮೂಲೆ ಹಿಡಿದು ಎತ್ತಿದಾಗ ಬಿಳಿ ಬಿಳಿಯಾಗಿಯೇ ಬಂದಿತ್ತು. ಅತ್ತೆಯವರನ್ನು ಕರೆದೆ. ಈ ಸಲ ಅವರೇ ಹೂವು ಹಿಡಿದುಕೊಂಡು ಬಂದಿದ್ದರು. ಪಕ್ಕದಲ್ಲಿಟ್ಟರು, ಬೆರಳಿನಿಂದ ಗಾಳಿಯಲ್ಲಿ ತಿರುವು ಬರೆದು ನೋಡಿದರು, ತಲೆಯಾಡಿಸಿದರು. ಆಮೇಲೆ ಮತ್ತೆ ಬಗ್ಗಿ ನೋಡಿ, ‘ತೊಟ್ಟು ಎಲ್ಲಿ?’ ಎಂದರು.

ವಾರ್ನಿಶ್ ಹಚ್ಚುವ ಉತ್ಸಾಹದಲ್ಲಿ ತೊಟ್ಟನ್ನೂ ಮುಚ್ಚಿಬಿಟ್ಟಿದ್ದೆ.